ತೋಟದ ಮಳೆ ಪುಸ್ತಕವನ್ನು ಎಲ್ಲರಿಗೂ ಸಿಗುವ ಹಾಗೆ ಮಾಡಿದ್ದು

ಮೂಡಿಗೆರೆ ಕಡೆಯ ಹಳೇ ಕಾಫಿ ತೋಟಗಳಲ್ಲಿ ಮಳೆ ಬರೆದಿಡುವ ಪುಸ್ತಕ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಲೆಕ್ಕ ಇಂಚು, ಸೆಂಟ್‌ನಲ್ಲಿ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಿತ್ತು, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂತಾ, ಎಲ್ಲ ಅದರಲ್ಲೇ. ನನ್ನ ಸಂಶೋಧನೆಗೆ ಇಂಥ ಕೆಲವು ಪುಸ್ತಕ ಬಳಸಿದ್ದೆ. ಪ್ರಬಂಧ ಮುಗಿದ ಮೇಲೆ ಆ ಅಂಕಿಗಳು ನನ್ನ ಲ್ಯಾಪ್‌ಟಾಪ್‌ನಲ್ಲೇ ಕೊಳೆತರೆ ಮುಂದೆ ಬರುವವರು ಮತ್ತೆ ಅದೇ ತೋಟಗಳಿಗೆ ಅಲೆಯಬೇಕು ಅಲ್ವಾ? ಅದಕ್ಕೇ ಝೆನೋಡೋದಲ್ಲಿ ಹಾಕಿದೆ. ಯುರೋಪಿನ ಸರ್ನ್ ಸಂಶೋಧನಾ ಸಂಸ್ಥೆ ನಡೆಸುವ, ಸಂಶೋಧನೆಯ ಅಂಕಿಅಂಶ ಇಡುವ ಉಚಿತ ಆನ್‌ಲೈನ್ ಸಂಗ್ರಹ ಅದು, 2013ರಿಂದ ಇದೆ.

ಅಪ್‌ಲೋಡ್ ಮಾಡುವುದು ಏನೂ ಕಷ್ಟವಿಲ್ಲ. ಕಷ್ಟ ಇರುವುದು ಅದಕ್ಕಿಂತ ಮುಂಚೆ.

ಪುಸ್ತಕದಲ್ಲಿ ಖಾಲಿ ಬಿಟ್ಟ ಜಾಗ ಅಂದರೆ ಮಳೆ ಇಲ್ಲ ಅಂತಲೋ, ಯಾರೂ ಅಳೆಯಲಿಲ್ಲ ಅಂತಲೋ? ತೋಟದ ಲೆಕ್ಕ ಬರೆಯುವ ರೈಟರನ್ನೇ ಕೇಳಬೇಕು. ಒಬ್ಬರು ಹೇಳಿದರು, "ಭಾನುವಾರ ಯಾರ್ ಸಾರ್ ನೋಡ್ತಾರೆ, ಸೋಮವಾರ ಎರಡೂ ಸೇರಿಸಿ ಬರೀತೀವಿ." ಇದು ಗೊತ್ತಿಲ್ಲದವರು ಸೋಮವಾರದ ಅಂಕಿ ನೋಡಿ ಭಾರೀ ಮಳೆ ಅಂತ ಲೆಕ್ಕ ಹಾಕಿಬಿಡುತ್ತಾರೆ. ಅದಕ್ಕೆ "ಎಷ್ಟು ದಿನದ ಮಳೆ" ಅಂತ ಬೇರೆ ಕಾಲಂ ಇಟ್ಟೆ. ಅಳೆಯದ ದಿನಕ್ಕೆ ಸೊನ್ನೆ ಹಾಕದೆ ಖಾಲಿ ಬಿಟ್ಟೆ, ನಿಜವಾಗಿ ಮಳೆ ಇಲ್ಲದ ದಿನಕ್ಕೆ ಮಾತ್ರ ಸೊನ್ನೆ. ಒಂದು ಇಂಚಿಗೆ 25.4 ಮಿ.ಮೀ. ಲೆಕ್ಕದಲ್ಲಿ ಬದಲಾಯಿಸಿದರೂ ಮೂಲ ಇಂಚಿನ ಅಂಕಿಯನ್ನು ಪಕ್ಕದಲ್ಲೇ ಉಳಿಸಿದೆ. ತಾರೀಕು 2019-04-03 ಥರ, ಇಲ್ಲದಿದ್ದರೆ ಅದು ಏಪ್ರಿಲ್ಲೋ ಮಾರ್ಚೋ ಅಂತ ಜಗಳ. ಎಲ್ಲ ಸಿಎಸ್‌ವಿ ಫೈಲಿನಲ್ಲಿ, ಅಂದರೆ ಯಾವ ಸ್ಪ್ರೆಡ್‌ಶೀಟ್‌ನಲ್ಲೂ ತೆರೆಯುವ ಸರಳ ಪಟ್ಟಿ. ಪುಟಗಳ ಫೋಟೋನೂ ಜೊತೆಗಿದೆ, ಅನುಮಾನ ಬಂದವರು ಅವರೇ ತಾಳೆ ನೋಡಿಕೊಳ್ಳಲಿ.

ಮಾಲೀಕರನ್ನು ಒಪ್ಪಿಸುವುದು ಇನ್ನೊಂದು ಕಥೆ. "ಇನ್ಶೂರೆನ್ಸ್‌ನವರು ಇದನ್ನ ನೋಡಿ ಕ್ಲೇಮ್ ಕೊಡಲ್ಲ ಅಂದ್ರೆ?" ಅಂತ ಕೇಳಿದವರಿದ್ದಾರೆ, ನ್ಯಾಯವಾದ ಪ್ರಶ್ನೆಯೇ. ತೋಟದ ಹೆಸರು ತೆಗೆದೆ. ಅಕ್ಷಾಂಶ ರೇಖಾಂಶವನ್ನು ದಶಮಾಂಶದ ಎರಡೇ ಸ್ಥಾನಕ್ಕೆ ನಿಲ್ಲಿಸಿದೆ, ಅಂದರೆ ಸುಮಾರು ಒಂದು ಕಿಲೋಮೀಟರ್ ಅಂದಾಜಿಗೆ ಮಾತ್ರ ಜಾಗ ಗೊತ್ತಾಗುತ್ತದೆ. ಫೋಟೋದಲ್ಲಿದ್ದ ಹೆಸರು, ಸಹಿ ಮುಚ್ಚಿದೆ. ಆದರೂ ಅಕ್ಕಪಕ್ಕದವರು ಯಾರ ತೋಟ ಅಂತ ಊಹಿಸಬಹುದು, ಅದನ್ನೂ ಮೊದಲೇ ಹೇಳಿದೆ. ಬೇಡ ಅಂದವರ ಪುಸ್ತಕ ಸೇರಿಸಲಿಲ್ಲ.

ಲೈಸೆನ್ಸ್ ಸಿಸಿ ಬೈ 4.0, ಕ್ರಿಯೇಟಿವ್ ಕಾಮನ್ಸ್‌ನ ಮುಕ್ತ ಬಳಕೆಯ ಪರವಾನಗಿ. ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ ಸೈ. ವ್ಯಾಪಾರಕ್ಕೆ ಬೇಡ ಅನ್ನುವ ಷರತ್ತು ಹಾಕಿ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ, ಹವಾಮಾನದ ಆಪ್ ಮಾಡುವ ಊರ ಹುಡುಗನಿಗೂ ಸುಮ್ನೆ ಅಡ್ಡ ಬರುತ್ತದೆ ಅದು.

ಪ್ರಕಟಿಸಿದ ಕೂಡಲೇ ಡಿಒಐ ನಂಬರ್ ಸಿಗುತ್ತದೆ, ಅಂದರೆ ಈ ಸಂಗ್ರಹವನ್ನು ಗುರುತಿಸುವ ಕಾಯಂ ಆನ್‌ಲೈನ್ ಗುರುತು. ಆಮೇಲೆ ಅಂಕಿ ತಿದ್ದಬೇಕಾದರೆ ಹೊಸ ಆವೃತ್ತಿ ಹಾಕಬೇಕು, ಅದಕ್ಕೆ ಬೇರೆ ಡಿಒಐ. ಹಳೆಯದು ಹಾಗೇ ಇರುತ್ತದೆ, ಅದನ್ನು ನೋಡಿ ಬರೆದವರ ಲೆಕ್ಕ ಕೆಡುವುದಿಲ್ಲ. ಎಲ್ಲ ಆವೃತ್ತಿಗೂ ಸೇರಿ ಇನ್ನೊಂದು ಡಿಒಐ ಇದೆ, ಯಾವಾಗಲೂ ಹೊಸದಕ್ಕೇ ಕರೆದೊಯ್ಯುತ್ತದೆ. ತೋಟದವರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದು ಅದನ್ನೇ. ಈಗ ಸಕಲೇಶಪುರ ಕಡೆಯ ಒಬ್ಬ ಬೆಳೆಗಾರರು ತಮ್ಮ ಪುಸ್ತಕವನ್ನೂ ಸೇರಿಸಿ ಅಂದಿದ್ದಾರೆ, ಮೊದಲು ಅವರ ರೈಟರ ಹತ್ತಿರ ಭಾನುವಾರದ ಲೆಕ್ಕ ಕೇಳಬೇಕು.