ಒಂದು ಕ್ರಿಯಾಪದ ಹುಡುಕುತ್ತಾ

ಅಮೆರಿಕದ ಲೇಖಕಿ ನೆಲ್ಲಾ ಲಾರ್ಸನ್ 1929ರಲ್ಲಿ ಪ್ರಕಟಿಸಿದ 'ಪಾಸಿಂಗ್' ಸಣ್ಣ ಕಾದಂಬರಿ. ನಾಲ್ಕು ತಿಂಗಳಲ್ಲಿ ಕನ್ನಡಕ್ಕೆ ತಂದುಬಿಡುತ್ತೇನೆ ಎಂದು ಹೊರಟೆ. ಶೀರ್ಷಿಕೆಯೊಂದೇ ಅಷ್ಟು ಕಾಲ ತಿಂದಿತು.

ಕಪ್ಪು ಕುಲದಲ್ಲಿ ಹುಟ್ಟಿಯೂ ಮೈಬಣ್ಣ ತಿಳಿಯಾಗಿದ್ದವರು ಬಿಳಿಯರ ನಡುವೆ ಬಿಳಿಯರೆನಿಸಿಕೊಂಡು ಬಾಳುವುದಕ್ಕೆ ಅಮೆರಿಕದಲ್ಲಿದ್ದ ಮಾತು ಅದು. ಕಪ್ಪು ರಕ್ತದ ಒಂದು ಹನಿ ಸೇರಿದ್ದರೂ ಬಿಳಿಯರಲ್ಲ ಎಂಬ ನಂಬಿಕೆಯನ್ನು ವರ್ಜೀನಿಯಾ 1924ರಲ್ಲಿ ಕಾನೂನನ್ನೇ ಮಾಡಿಕೊಂಡಿತ್ತು. ಮೊದಲ ಕರಡಿನಲ್ಲಿ ನಾನು 'ವೇಷ', 'ಸೋಗು' ಎಂದೆಲ್ಲ ಬರೆದೆ. ಹತ್ತು ಪುಟ ಆಗುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಕಾದಂಬರಿಯಲ್ಲಿ ಹೀಗೆ ಬಿಳಿಯಳೆನಿಸಿಕೊಂಡು ಬಾಳುವ ಕ್ಲೇರ್ ಕೆಂಡ್ರಿ ಮುಖಕ್ಕೆ ಏನನ್ನೂ ಬಳಿದುಕೊಂಡವಳಲ್ಲ. ಅಪ್ಪ ಸತ್ತ ಮೇಲೆ ಅವಳನ್ನು ಇಟ್ಟುಕೊಂಡವರು ಅವನ ಸೋದರತ್ತೆಯರು, ಬಿಳಿಯರು, ದೈವಭಕ್ತರು. ಹುಡುಗಿಯಿಂದ ಮನೆಗೆಲಸ ಮಾಡಿಸಿದರು; ನೆರೆಹೊರೆಯಲ್ಲಿ ಕಪ್ಪು ಜನರ ಮಾತೆತ್ತಕೂಡದೆಂದು ಕಟ್ಟಪ್ಪಣೆ ಮಾಡಿದರು. ಜಾನ್ ಬೆಲ್ಯೂ ಎಂಬ ಹಣವಂತ ಬಿಳಿಯ ಎದುರಾಗಿ ಅವನನ್ನು ಮದುವೆಯಾದಾಗ ಅವಳು ಮಾಡಿದ್ದು ಆ ಮೌನವನ್ನು ಮುಂದುವರಿಸಿದ್ದಷ್ಟೇ. 'ವೇಷ ಹಾಕಿದಳು' ಎಂದರೆ ತೀರ್ಪು ಕೊಟ್ಟಂತೆ.

ಆಮೇಲೆ 'ದಾಟು' ಹಿಡಿದೆ. ಗೆರೆ ದಾಟಿದಳು. ಕೇಳಲು ಚೆನ್ನಾಗಿದೆ, ಆದರೆ ದಾಟುವುದಕ್ಕೆ ಕಾಲೂ ಬೇಕು, ಮನಸ್ಸೂ ಬೇಕು. ಶಿಕಾಗೋದ ದೃಶ್ಯದಲ್ಲಿ ಅದು ಕೈಕೊಟ್ಟಿತು. ಆಗಸ್ಟ್ ತಿಂಗಳ ಸುಡುಬಿಸಿಲು. ಮೂರ್ಛೆ ಹೋಗುವಂತಾದ ಐರೀನ್ ರೆಡ್‌ಫೀಲ್ಡ್, ಕ್ಲೇರ್‌ಳ ಬಾಲ್ಯದ ಗೆಳತಿ, ಟ್ಯಾಕ್ಸಿ ಹತ್ತುತ್ತಾಳೆ. ಡ್ರೇಟನ್ ಹೋಟೆಲಿನ ಮಹಡಿಯಲ್ಲಿ ಯಾವಾಗಲೂ ಗಾಳಿಯಿರುತ್ತದಂತೆ, ಅಲ್ಲಿಗೆ ಹೋಗೋಣವೇ ಎಂದು ಚಾಲಕನೇ ಕೇಳುತ್ತಾನೆ. ಕಪ್ಪು ಹೆಂಗಸೆಂದು ಗೊತ್ತಾದರೆ ಆ ಹೋಟೆಲಿನಲ್ಲಿ ಜಾಗವಿಲ್ಲ. ಅವನಿಗೆ ಅನುಮಾನವೇ ಬರಲಿಲ್ಲ, ಅವಳು ತಿದ್ದಲಿಲ್ಲ. ಗೆರೆ ದಾಟಿಸಿದವನು ಟ್ಯಾಕ್ಸಿಯವನು! ಮೇಲೆ ಕುಳಿತು ತಣ್ಣಗಿನ ಚಹಾ ಕುಡಿಯುವಾಗ ಪಕ್ಕದ ಮೇಜಿನ ಹೆಂಗಸು ತನ್ನನ್ನೇ ದಿಟ್ಟಿಸುತ್ತಿರುವುದು ಕಂಡಾಗಷ್ಟೇ ಐರೀನ್‌ಗೆ ಅಳುಕು. ಬಿಳಿಯರು ಉಗುರು, ಅಂಗೈ, ಕಿವಿ, ಹಲ್ಲು ನೋಡಿ ಕುಲ ಹೇಳಬಲ್ಲೆವೆಂದು ಕೊಚ್ಚಿಕೊಳ್ಳುತ್ತಾರೆ, ಆದರೆ ತನ್ನನ್ನು ಇಟಲಿಯವಳು, ಸ್ಪೇನಿನವಳು ಎಂದೇ ಎಣಿಸುತ್ತಾರೆ ಎಂದುಕೊಂಡು ಧೈರ್ಯ ತಂದುಕೊಳ್ಳುತ್ತಾಳೆ. ದಿಟ್ಟಿಸುತ್ತಿದ್ದವಳು ಕ್ಲೇರ್.

ಬೇಕಾದ ಪದ ಸಿಕ್ಕಿದ್ದು ದಿನಸಿ ಅಂಗಡಿಯಲ್ಲಿ. ಹತ್ತು ರೂಪಾಯಿಯ ನಾಣ್ಯ ಕೊಟ್ಟೆ. ಅಂಗಡಿಯವರು "ಇದು ಇಲ್ಲಿ ನಡೆಯುವುದಿಲ್ಲ, ಅಮ್ಮಾ" ಎಂದು ಹಿಂದಕ್ಕೆ ತಳ್ಳಿದರು. ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದರೇನು? ನಾಣ್ಯದ ಲೋಹ ಬದಲಾಗಿಲ್ಲ, ತೆಗೆದುಕೊಳ್ಳುವ ಕೈ ಒಪ್ಪಲಿಲ್ಲ, ಅಷ್ಟೇ. ದಾರಿಯಲ್ಲಿ ಬಸವಣ್ಣನವರ ವಚನ ತಾನಾಗಿ ಬಾಯಿಗೆ ಬಂತು: ಮರ್ತ್ಯಲೋಕವೆಂಬುದು ಕರ್ತಾರನ ಕಮ್ಮಟ, ಇಲ್ಲಿ ಸಲ್ಲುವರು ಅಲ್ಲಿಯೂ ಸಲ್ಲುವರು. ಕಮ್ಮಟವೆಂದರೆ ನಾಣ್ಯ ಅಚ್ಚೊತ್ತುವ ಟಂಕಸಾಲೆ. ಸಲ್ಲು! ಡ್ರೇಟನ್ನಿನಲ್ಲಿ ಐರೀನ್ ಸಲ್ಲುತ್ತಾಳೆ. ಲಾರ್ಸನ್ನರ ಲೋಕ ಮಾತ್ರ ವಚನಕ್ಕೆ ತಿರುಗುಮುರುಗು. ಅಲ್ಲಿ ಸಲ್ಲಬೇಕಾದರೆ ಇಲ್ಲಿಯ ಲೆಕ್ಕದಿಂದ ಹೆಸರು ಹೊಡೆಸಿಕೊಳ್ಳಬೇಕು. ಕಾದಂಬರಿಯಲ್ಲೇ ಸುಳಿಯುವ ರೈನ್‌ಲ್ಯಾಂಡರ್ ಮೊಕದ್ದಮೆಯೂ ಆಗ ಬೇರೆಯಾಗಿ ಕಂಡಿತು. ಆಲಿಸ್ ಎಂಬಾಕೆ ಕುಲ ಮುಚ್ಚಿಟ್ಟಳೆಂದು ಬಿಳಿಯ ಗಂಡ ರೈನ್‌ಲ್ಯಾಂಡರ್ ಮದುವೆ ರದ್ದುಮಾಡಲು ಕೋರಿದ್ದ; 1925ರಲ್ಲಿ ವಿಚಾರಣೆ ನಡೆಯಿತು. ಗಂಡಸರೇ ತುಂಬಿದ್ದ ಬಿಳಿಯ ಜ್ಯೂರಿಯ ಮುಂದೆ ಆಕೆ ಬಟ್ಟೆ ಸರಿಸಿ ಮೈಬಣ್ಣ ತೋರಿಸಬೇಕಾಯಿತು. ನಾಣ್ಯವನ್ನು ಒರೆಗೆ ಹಚ್ಚಿದಂತೆ. ಗೆದ್ದವಳು ಅವಳೇ, ಆದರೂ ಆ ಪುಟ ಓದಿದ ದಿನ ನಾನು ಏನನ್ನೂ ಬರೆಯಲಿಲ್ಲ.

'ಸಲ್ಲು' ಒಂದೇ ಸಾಕಾಗಲಿಲ್ಲ. ಅದರಲ್ಲಿ ಇಚ್ಛೆಯಿಲ್ಲ, ಕ್ಲೇರ್‌ಗೆ ಇಚ್ಛೆ ಧಾರಾಳ. ಎಲ್ಲವನ್ನೂ ಪಡೆದ ಮೇಲೆ ಅವಳು ಪದೇ ಪದೇ ನ್ಯೂಯಾರ್ಕಿನಲ್ಲಿ ಕಪ್ಪು ಜನರು ನೆಲೆಸಿದ್ದ ಹಾರ್ಲೆಮಿಗೆ ಬರುತ್ತಾಳೆ; ಐರೀನ್ ಬೇಡವೆಂದರೂ ಅಲ್ಲಿಯ ನೃತ್ಯಕೂಟಕ್ಕೆ ಹಟ ಹಿಡಿದು ಬರುತ್ತಾಳೆ. ಸಿಕ್ಕಿಬಿದ್ದರೆ ಮಗಳೂ ಹೋದಳು, ಮನೆಯೂ ಹೋಯಿತು. ಕೈಬಿಟ್ಟಿದ್ದ 'ದಾಟು' ಇಲ್ಲಿ ಕೆಲಸಕ್ಕೆ ಬಂತು. ಬಿಳಿಯರ ಕಡೆಗೆ ಹೋಗುವಾಗಲೆಲ್ಲ 'ಸಲ್ಲು', ತನ್ನವರ ಕಡೆಗೆ ಮರಳುವಾಗ ಮಾತ್ರ 'ದಾಟು'. ಲಾರ್ಸನ್ ಹೀಗೆ ಎರಡು ಮಾಡಿಲ್ಲ, ಗೊತ್ತು. ಅದು ನನ್ನ ಓದು.

ಕರಡು ಓದಿದ ಗೆಳತಿ, "ಇದನ್ನು ಜಾತಿಗೆ ಒಗ್ಗಿಸಿಬಿಡು, ಓದುಗರಿಗೆ ನಾಟುತ್ತದೆ" ಎಂದಳು. ಬಾಡಿಗೆ ಮನೆ ಹುಡುಕುವಾಗ "ನೀವು ಯಾವ ಜನ?" ಎಂಬ ಪ್ರಶ್ನೆಗೆ ಸುಳ್ಳು ಹೇಳಿದವರು ನಮ್ಮಲ್ಲೂ ಇದ್ದಾರೆ, ನಿಜ. ಆದರೆ ನಮ್ಮಲ್ಲಿ ಕೇಳುವುದು ಹೆಸರು, ಊರು, ಊಟ; ಅಲ್ಲಿ ಕಣ್ಣೇ ತೀರ್ಪುಗಾರ. ಬೆಲ್ಯೂ ಹೆಂಡತಿಯನ್ನು ಮುದ್ದಿನಿಂದ ಕರೆಯುವ, ಕಪ್ಪು ಜನರನ್ನು ಹೀಗಳೆಯುವ ಬೈಗುಳವನ್ನೂ ನಮ್ಮ ಬೈಗುಳಕ್ಕೆ ತರಲಿಲ್ಲ. ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತಿದ್ದಾಳೆಂದು ಅವನ ತಮಾಷೆ. ಕೇಳುತ್ತಾ ಕುಳಿತ ಮೂವರು ಹೆಂಗಸರಲ್ಲಿ ಒಬ್ಬಳೂ ಬಿಳಿಯಳಲ್ಲ. ಐರೀನ್‌ಗೆ ಬರುವ ತಡೆಯಲಾಗದ ನಗುವನ್ನು ಐದು ಸಲ ತಿದ್ದಿದೆ, ಇನ್ನೂ ಸಮಾಧಾನವಿಲ್ಲ.

ಕೊನೆಯ ದೃಶ್ಯ ಆರನೆಯ ಮಹಡಿಯಲ್ಲಿ. ಹೆಂಡತಿಯ ಗುಟ್ಟು ತಿಳಿದ ಬೆಲ್ಯೂ ನುಗ್ಗಿ ಬರುತ್ತಾನೆ, ಕ್ಲೇರ್ ತೆರೆದ ಕಿಟಕಿಯ ಬಳಿ ನಿಂತಿದ್ದಾಳೆ, ಐರೀನ್‌ಳ ಕೈ ಅವಳ ತೋಳಿನ ಮೇಲಿದೆ. ಮುಂದೇನಾಯಿತೆಂದು ಲಾರ್ಸನ್ ಹೇಳುವುದಿಲ್ಲ. 'ಬಿದ್ದಳು' ಎಂದರೆ ಆಕಸ್ಮಿಕ, 'ಹಾರಿದಳು' ಎಂದರೆ ಅವಳ ಆಯ್ಕೆ, 'ತಳ್ಳಿದಳು' ಎಂದರೆ ಕೊಲೆ. "ಕ್ಲೇರ್ ಅಲ್ಲಿದ್ದಳು. ಮರುಕ್ಷಣ ಇರಲಿಲ್ಲ" ಎಂದಷ್ಟೇ ಬರೆದೆ. ಕರಡಚ್ಚು ತಿದ್ದುವವರು ಫೋನ್ ಮಾಡಿದರು: "ಮೇಡಂ, ಇಲ್ಲಿ ನಡುವೆ ಒಂದು ಸಾಲು ಬಿಟ್ಟುಹೋಗಿದೆಯೇ?" ಇಲ್ಲ, ಹಾಗೆಯೇ ಇರಲಿ ಎಂದೆ.