ಮನಾಲಿ ಬಿಟ್ಟು ನಗ್ಗರದಲ್ಲಿ ಉಳಿದೆ: ಕುಲು ಕಣಿವೆಯ ನನ್ನ ಅನುಭವ

ಹಿಮಾಚಲ ಪ್ರದೇಶದ ಕುಲು ಕಣಿವೆ ಅಂದರೆ ನಮ್ಮ ಕಡೆಯವರಿಗೆ ಮನಾಲಿಯ ಮಾಲ್ ರೋಡು, ರೋಹ್ತಾಂಗಿನ ಹಿಮ. ನಾನು ಬಿಡಾರ ಹೂಡಿದ್ದು ನಗ್ಗರದಲ್ಲಿ. ಬಿಯಾಸ್ ನದಿಯ ಎಡದಂಡೆಯ ಈ ಊರು ಹಿಂದೆ ಕುಲು ರಾಜರ ರಾಜಧಾನಿ. ದೆಹಲಿಯಿಂದ ರಾತ್ರಿ ಬಸ್ಸು ಹತ್ತಿ, ಮನಾಲಿಗೆ ಮುಂಚೆಯೇ ಸಿಗುವ ಪತ್ಲಿಕುಹಲ್‌ನಲ್ಲಿ ಇಳಿದೆ. ಅಲ್ಲಿಂದ ಸೇತುವೆ ದಾಟಿ ಲೋಕಲ್ ಬಸ್ಸಿನಲ್ಲಿ ಗುಡ್ಡ ಹತ್ತಿದರೆ ಆರೇ ಕಿಲೋಮೀಟರ್. ಗುಡಿ, ಚಿತ್ರ, ಚಾರಣ ಮೂರೂ ಬೇಕೆನ್ನುವವರು ನಗ್ಗರದಲ್ಲೇ ಉಳಿಯಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮೊದಲು ನೋಡಿದ್ದು ಅರಮನೆ. ಈಗ ಅದು ಸರ್ಕಾರಿ ಹೋಟೆಲು, ಟಿಕೆಟ್ ಪಡೆದು ಒಳಗೆ ಹೋಗಬಹುದು. ಗೋಡೆಯ ಹತ್ತಿರ ನಿಂತು ನೋಡಿ. ಒಂದು ಸಾಲು ದೇವದಾರು ತೊಲೆ, ಅದರ ಮೇಲೆ ಒಂದು ಸಾಲು ಕಲ್ಲು, ಮತ್ತೆ ತೊಲೆ. ಕಲ್ಲುಗಳ ನಡುವೆ ಗಾರೆಯಿಲ್ಲ. ಮೂಲೆಯಲ್ಲಿ ತೊಲೆಗಳು ಒಂದರ ಮೇಲೊಂದು ಅಡ್ಡಡ್ಡ ಕೂತು ಗೋಡೆಯನ್ನು ಹಿಡಿದಿವೆ. ಇದಕ್ಕೆ ಇಲ್ಲಿ ಕಾಠ್‌ಕುಣಿ ಎನ್ನುತ್ತಾರೆ. ಭೂಮಿ ನಡುಗಿದರೆ ಗೋಡೆಯೂ ಜೊತೆಗೆ ಸ್ವಲ್ಪ ಅಲುಗಾಡಿ ಸುಧಾರಿಸಿಕೊಳ್ಳುತ್ತದೆ. 1905ರ ಕಾಂಗ್ರಾ ಭೂಕಂಪದಲ್ಲೂ ಈ ಅರಮನೆ ಉಳಿಯಿತು. ಇದನ್ನೊಮ್ಮೆ ಸರಿಯಾಗಿ ನೋಡಿಕೊಂಡರೆ ಆಮೇಲೆ ಕಣಿವೆಯ ಹಳೇ ಮನೆ, ಗುಡಿ, ಕಣಜ ಎಲ್ಲದರಲ್ಲೂ ಅದೇ ಕೈ ಕಾಣುತ್ತದೆ. ಹೊಸ ಮನೆಗಳೆಲ್ಲ ಕಾಂಕ್ರೀಟಿನವೇ ಆಗುತ್ತಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಂಗಳದಲ್ಲಿರುವ ಜಗತಿಪಟ್ಟ್ ಗುಡಿಯ ಹಾಸುಗಲ್ಲನ್ನು ದೇವತೆಗಳು ಜೇನುಹುಳುಗಳಾಗಿ ಹೊತ್ತು ತಂದರಂತೆ. ಸ್ವಲ್ಪ ಮೇಲೆ ನಡೆದರೆ ತ್ರಿಪುರಸುಂದರಿಯ ಗುಡಿ, ಅಂತಸ್ತು ಅಂತಸ್ತಾಗಿ ಮರದ ಮಾಡು. ಇದೇ ಬಗೆಯ ಮಾಡಿನ ದೊಡ್ಡ ಗುಡಿ ಮನಾಲಿಯ ಢುಂಗ್ರಿ ಕಾಡಿನ ಹಿಡಿಂಬೆಯದು, 1553ರಲ್ಲಿ ರಾಜಾ ಬಹಾದ್ದೂರ್ ಸಿಂಗ್ ಕಟ್ಟಿಸಿದ್ದು. ನಮಗೆ ಅವಳು ಭೀಮನ ರಾಕ್ಷಸಿ ಹೆಂಡತಿ. ಇಲ್ಲಿ ರಾಜಮನೆತನಕ್ಕೆ ಅಜ್ಜಿ, ಊರಿಗೆ ದೇವಿ. ಗುಡಿಯೊಳಗೆ ದೊಡ್ಡ ಬಂಡೆ ಬಿಟ್ಟರೆ ಹೆಚ್ಚೇನೂ ಇಲ್ಲ. ಕೆತ್ತನೆಯೆಲ್ಲ ಬಾಗಿಲಿನ ಸುತ್ತ ಇದೆ. ಹತ್ತು ಗಂಟೆಯಾಯಿತೆಂದರೆ ಜನ ನೆರೆಯುತ್ತಾರೆ, ಬೆಳಿಗ್ಗೆ ಬೇಗ ಹೋಗಿ.

ನಗ್ಗರದಲ್ಲೇ ಇರುವ ರೋರಿಕ್ ಚಿತ್ರ ಗ್ಯಾಲರಿಗೆ ಮಾತ್ರ ಬಂದ ದಿನವೇ ನುಗ್ಗಬೇಡಿ. ನಾನು ಮೊದಲು ಕೆಲವು ಬೆಳಗು ಬೇಗ ಎದ್ದು, ಬಿಸಿಲು ಬೀಳುವ ಮುಂಚೆ ಬೆಟ್ಟದ ಸಾಲುಗಳನ್ನು ನೋಡಿದೆ. ಆ ಹೊತ್ತಿಗೆ ಅವುಗಳಲ್ಲಿ ಮರ, ಬಂಡೆ ಏನೂ ಬಿಡಿಯಾಗಿ ಕಾಣದು. ಒಂದರ ಹಿಂದೊಂದು ನೀಲಿ, ಆಮೇಲೆ ನೇರಳೆ, ತುದಿಯಲ್ಲಿ ಹಿಮದ ಮೇಲೆ ತೆಳು ಗುಲಾಬಿ. ರಷ್ಯಾದ ಕಲಾವಿದ ನಿಕೊಲಾಸ್ ರೋರಿಕ್ 1928ರಲ್ಲಿ ಇಲ್ಲಿಗೆ ಬಂದು, 1947ರಲ್ಲಿ ತೀರಿಕೊಳ್ಳುವವರೆಗೆ ಇದನ್ನೇ ಬಿಡಿಸಿದ. ಕಲ್ಪನೆಯ ಬಣ್ಣ ಎಂದುಕೊಂಡಿದ್ದೆಲ್ಲ ಅವನು ಕಣ್ಣಾರೆ ಕಂಡಿದ್ದು ಎಂದು ಆ ಬೆಳಗುಗಳಾದ ಮೇಲೆ ಗೊತ್ತಾಗುತ್ತದೆ. ಕೆಳಗಿನ ಕೋಣೆಗಳಲ್ಲಿ ಚಿತ್ರಗಳಿವೆ, ಮೇಲಿನ ಕೋಣೆಗಳನ್ನು ಕಿಟಕಿಯ ಗಾಜಿನಿಂದಲೇ ನೋಡಬೇಕು. ಅವನ ಮಗ ಸ್ವೆತೊಸ್ಲಾವ್, ಸೊಸೆ ದೇವಿಕಾ ರಾಣಿ ಕೊನೆಯವರೆಗೆ ಬಾಳಿದ್ದು ನಮ್ಮ ಬೆಂಗಳೂರಿನಲ್ಲಿ, ತಾತಗುಣಿಯಲ್ಲಿ ಅವರ ಎಸ್ಟೇಟ್ ಇತ್ತು. ಚಿತ್ರಕಲಾ ಪರಿಷತ್ತಿನಲ್ಲಿ ಅಪ್ಪ ಮಗ ಇಬ್ಬರ ಚಿತ್ರಗಳೂ ಇವೆ. ಹೊರಡುವ ಮುಂಚೆ ಅಲ್ಲೊಮ್ಮೆ ಹೋಗಿ ಬಂದರೆ ನಗ್ಗರ ಇನ್ನೂ ಚೆನ್ನಾಗಿ ದಕ್ಕುತ್ತದೆ.

ಚಾರಣಕ್ಕೆ ನಾನು ಆರಿಸಿಕೊಂಡಿದ್ದು ಬೆಟ್ಟದ ತುದಿಯ ಶಿವನ ಗುಡಿ ಬಿಜಲಿ ಮಹಾದೇವ, ಸುಮಾರು 2,460 ಮೀಟರ್ ಎತ್ತರ. ಕುಲುವಿನಿಂದ ಚನ್ಸಾರಿವರೆಗೆ ಬಸ್ಸು, ಆಮೇಲೆ ಮೂರು ಕಿಲೋಮೀಟರ್ ಏರು. ಸಿಡಿಲು ಬಡಿದು ಲಿಂಗ ಚೂರಾಗುತ್ತದೆ, ಪೂಜಾರಿ ಬೆಣ್ಣೆ ಹಚ್ಚಿ ಕೂಡಿಸುತ್ತಾರೆ ಎಂಬುದು ಇಲ್ಲಿನ ನಂಬಿಕೆ. ತುದಿಯ ಹುಲ್ಲುಗಾವಲಿನಿಂದ ಬಿಯಾಸ್, ಪಾರ್ವತಿ ಎರಡೂ ಕಣಿವೆಗಳು ಒಟ್ಟಿಗೆ ಕಾಣುತ್ತವೆ. ಇದಕ್ಕೆ ರೋಪ್‌ವೇ ಹಾಕುವ ಯೋಜನೆಯಿದೆ, ಊರವರ ವಿರೋಧವೂ ಇದೆ. ನಾನು ಊರವರ ಪಕ್ಷ. ಇನ್ನೂ ಎತ್ತರ ಬೇಕೆಂದರೆ ನಗ್ಗರದ ಪಕ್ಕದ ರುಮ್ಸುವಿನಿಂದ ಚಂದ್ರಖಣಿ ಕಣಿವೆದಾರಿಗೆ ಹೊರಡಬಹುದು. ಅದಕ್ಕೆ ಸ್ಥಳೀಯ ಗೈಡ್ ಇರಲೇಬೇಕು.

ಇಳಿದು ಬಂದ ಸಂಜೆ ಮನೆಯೊಡತಿ ಸಿಡ್ಡು ಬೇಯಿಸಿಕೊಟ್ಟರು. ಹುಳಿ ಬಂದ ಗೋಧಿ ಹಿಟ್ಟಿನೊಳಗೆ ಅಕ್ರೋಟು, ಗಸಗಸೆ ತುಂಬಿ ಹಬೆಯಲ್ಲಿ ಬೇಯಿಸಿದ್ದು, ನಮ್ಮ ಕಡುಬಿನ ಹಾಗೆ. ಮೇಲೆ ಧಾರಾಳ ತುಪ್ಪ. "ತುಪ್ಪ ಕಡಿಮೆ ಹಾಕಿ ಆಂಟಿ" ಅಂದೆ. "ಬೆಟ್ಟ ಹತ್ತಿ ಬಂದಿದ್ದೀಯ, ತಿನ್ನು ಮಗಾ" ಎಂದು ಇನ್ನೊಂದು ಚಮಚ ಸುರಿದರು.

ಮಳೆಗಾಲದಲ್ಲಿ ಮಾತ್ರ ಹೋಗಬೇಡಿ. 2023ರ ಜುಲೈನಲ್ಲಿ ಬಿಯಾಸ್ ಉಕ್ಕಿ ಹೆದ್ದಾರಿಯನ್ನೇ ಕೊಚ್ಚಿಕೊಂಡು ಹೋಗಿತ್ತು. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ರಾಫ್ಟಿಂಗ್, ಪ್ಯಾರಾಗ್ಲೈಡಿಂಗ್ ಎರಡಕ್ಕೂ ನಿಷೇಧವಿರುತ್ತದೆ. ಅಕ್ಟೋಬರ್‌ ಆದರೆ ಸೇಬಿನ ಸುಗ್ಗಿ ಮುಗಿಯುತ್ತಾ ಬಂದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ನಮ್ಮ ಮೈಸೂರು ದಸರಾ ಮುಗಿಯುವ ವಿಜಯದಶಮಿಯಂದೇ ಕುಲು ದಸರಾ ಶುರು. ಮನಾಲಿಯಿಂದ ಹಿಡಿಂಬೆ ದೇವಿ ಬಂದ ಮೇಲೆಯೇ ಕುಲುವಿನ ಮುಖ್ಯ ದೇವರು ರಘುನಾಥನ ರಥ ಹೊರಡುವುದು. ಆ ವಾರಕ್ಕೆ ಹೋಗುವವರು ಕುಲುವಿನಲ್ಲಿ ರೂಮು ಹುಡುಕುವ ಬದಲು ನಗ್ಗರದಲ್ಲೇ ಮುಂಚಿತವಾಗಿ ಬುಕ್ ಮಾಡಿ, ದಿನಾ ಬಸ್ಸಿನಲ್ಲಿ ದಸರಾ ನಡೆಯುವ ಢಾಲ್ಪುರ ಮೈದಾನಕ್ಕೆ ಹೋಗಿ ಬನ್ನಿ.