ದೇವಾಲಯಕ್ಕೆ ಮೊದಲು ಒಂದು ನೋಟ್‌ಬುಕ್

ಚಿಕ್ಕಬಳ್ಳಾಪುರ ಜಿಲ್ಲೆಯ ನಮ್ಮ ಪಟ್ಟಣದಲ್ಲಿ ಕಥೋಲಿಕ ದೇವಾಲಯ ಕಟ್ಟುವ ಮಾತು ಬಂದಾಗ ಎಲ್ಲರೂ ಕೇಳಿದ್ದು ನಿವೇಶನ ಎಲ್ಲಿ, ದುಡ್ಡು ಎಷ್ಟು ಎಂದು. 38 ಕಿಲೋಮೀಟರ್ ದೂರದ ಮಾತೃ ಧರ್ಮಕೇಂದ್ರದಿಂದ (ನಮ್ಮ ಊರು ಆಗ ಸೇರಿದ್ದ ಪ್ಯಾರಿಷ್‌ನಿಂದ) ತಿಂಗಳಿಗೊಮ್ಮೆ ಪೂಜೆಗೆ ಬರುತ್ತಿದ್ದ ಗುರುಗಳು ಮಾತ್ರ, "ಮೇಷ್ಟ್ರೇ, ಮೊದಲು ಜನ ಎಷ್ಟಿದ್ದಾರೆ ಅಂತ ಬರೆದು ತನ್ನಿ" ಎಂದು ನನ್ನ ಕೈಗೆ 200 ಪುಟದ ನೋಟ್‌ಬುಕ್ ಕೊಟ್ಟರು. ಇದು 2004ರ ಮಾತು. ರೇಷ್ಮೆಗೂಡಿನ ವ್ಯಾಪಾರಿಯೊಬ್ಬರ ಗೋದಾಮಿನ ಮೇಲಿನ ಕೋಣೆಯೇ ಆಗ ನಮ್ಮ ಪೂಜಾಸ್ಥಳ.

ಭಾನುವಾರಗಳಂದು ಮನೆಮನೆಗೆ ಹೋಗಿ ಬರೆಯಲು ನನಗೆ ಒಂದು ವರ್ಷ ಹಿಡಿಯಿತು. ಸಿಕ್ಕಿದ್ದು 47 ಕುಟುಂಬ, 193 ಜನ. 2001ರ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಲಸ ಹುಡುಕಿಕೊಂಡು ಬಂದ ತಮಿಳು ಮನೆಗಳು, ಆಂಧ್ರದ ಗಡಿಯ ಕಡೆಯ ತೆಲುಗು ಮನೆಗಳು, ಬ್ಯಾಂಕು ಮತ್ತು ಶಾಲೆಗಳಿಗೆ ವರ್ಗವಾಗಿ ಬಂದ ಮಂಗಳೂರಿನ ಕೊಂಕಣಿಯವರು, ಇಲ್ಲಿಯೇ ಹುಟ್ಟಿದ ಕನ್ನಡದವರು ಎಲ್ಲರೂ ಅದರಲ್ಲಿದ್ದರು. ಜ್ಞಾನಸ್ನಾನ (ಬ್ಯಾಪ್ಟಿಸಂ) ಎಲ್ಲಿ ಆಯಿತು, ಮನೆಯಲ್ಲಿ ಯಾವ ಭಾಷೆಯಲ್ಲಿ ಜಪ ಮಾಡುತ್ತೀರಿ ಎಂಬ ಎರಡು ಅಂಕಣಗಳನ್ನು ನಾನೇ ಸೇರಿಸಿದ್ದೆ. ರೋಮಿನಲ್ಲಿ 1960ರ ದಶಕದಲ್ಲಿ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಬದಲು ಜನರ ಭಾಷೆಯಲ್ಲಿ ಪೂಜೆ ಸಲ್ಲುತ್ತದೆಂಬುದು ಸರಿ, ಆದರೆ ನಮ್ಮಲ್ಲಿ ಯಾರ ಭಾಷೆ ಎಂಬ ಪ್ರಶ್ನೆಗೆ ಆ ಅಂಕಣವೇ ಉತ್ತರ ಕೊಟ್ಟಿತು. ಮುಖ್ಯ ಪೂಜೆ ಕನ್ನಡದಲ್ಲಿ, ತಿಂಗಳಿಗೊಂದು ಸಂಜೆ ತಮಿಳಿನಲ್ಲಿ, ಇನ್ನೊಂದು ಸಂಜೆ ತೆಲುಗಿನಲ್ಲಿ ಎಂದು ಜಗಳವಿಲ್ಲದೆ ಒಪ್ಪಿಕೊಂಡೆವು.

ಧರ್ಮಸಭೆಯ ಕಾನೂನಿನಂತೆ ಧರ್ಮಕೇಂದ್ರವನ್ನು ಸ್ಥಾಪಿಸುವ ಅಧಿಕಾರ ಧರ್ಮಾಧ್ಯಕ್ಷರಿಗೆ (ಬಿಷಪ್ಪರಿಗೆ) ಮಾತ್ರ ಇದೆ, ಅದನ್ನೂ ಅವರು ಗುರುಗಳ ಮಂಡಳಿಯ ಅಭಿಪ್ರಾಯ ಕೇಳಿಯೇ ಮಾಡಬೇಕು. ದೇವಾಲಯ ಕಟ್ಟಲು ಅವರ ಲಿಖಿತ ಒಪ್ಪಿಗೆ ಬೇಕು, ಅದಕ್ಕೆ ಮುನ್ನ ಅಕ್ಕಪಕ್ಕದ ದೇವಾಲಯಗಳ ಗುರುಗಳನ್ನೂ ವಿಚಾರಿಸಬೇಕು. ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ, ಅಂದರೆ ಆರ್ಚ್‌ಬಿಷಪ್ಪರ ಆಡಳಿತಕ್ಕೆ, ನಾವು ಕೊಟ್ಟ ಅರ್ಜಿಯ ಜೊತೆಗೆ ನೋಟ್‌ಬುಕ್ಕಿನ ಪ್ರತಿ ಹೋಯಿತು.

ಜಮೀನಿನ ವಿಷಯದಲ್ಲಿ ತಾಳ್ಮೆ ಬೇಕಾಯಿತು. ಆಗಿನ ಭೂಸುಧಾರಣಾ ಕಾಯ್ದೆಯ ಪ್ರಕಾರ ಸಂಸ್ಥೆಯ ಹೆಸರಿಗೆ ಕೃಷಿ ಜಮೀನು ಕೊಳ್ಳುವಂತಿರಲಿಲ್ಲವಾದ್ದರಿಂದ, ಮಾರುವ ರೈತರೇ ಮೊದಲು ಕೃಷಿಯೇತರ ಬಳಕೆಗೆ ಭೂಪರಿವರ್ತನೆ ಮಾಡಿಸಿ ನಂತರ ಮಹಾಧರ್ಮಕ್ಷೇತ್ರದ ಹೆಸರಿಗೆ ನೋಂದಣಿ ಮಾಡಿಕೊಡಬೇಕಿತ್ತು. ಅಷ್ಟರಲ್ಲಿ 2007ರಲ್ಲಿ ಕೋಲಾರ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು, ನಮ್ಮ ಕಡತವೂ ಹೊಸ ಜಿಲ್ಲೆಗೆ ಬಂತು. ಮುಂಗಡ ಮಾತ್ರ ಪಡೆದಿದ್ದ ಆ ರೈತರು ಕೊಟ್ಟ ಮಾತಿಗೆ ತಪ್ಪದೆ ಕಾದರು, ಅವರ ಋಣ ನಮ್ಮ ಮೇಲಿದೆ.

ಪಾಯ ತೋಡುವಾಗ ಉಳಿದೆಲ್ಲ ಕಡೆ ನಾಲ್ಕಡಿಗೇ ಗಟ್ಟಿ ನೆಲ ಸಿಕ್ಕಿತು. ಪೂಜೆ ಅರ್ಪಿಸುವ ಮೇಜು, ಅಂದರೆ ಬಲಿಪೀಠ, ಬರುವ ಜಾಗದ ಹಿಂದಿನ ಎಡಮೂಲೆಯಲ್ಲಿ ಏಳಡಿ ಹೋದರೂ ಹಾರೆ ಸಲೀಸಾಗಿ ಇಳಿಯುತ್ತಿತ್ತು. ಮೇಲೆ ಬಂದ ಮಣ್ಣು ನಮ್ಮ ಕಡೆಯ ಕೆಮ್ಮಣ್ಣಲ್ಲ, ಕಪ್ಪಗೆ ಮೆತ್ತಗಿತ್ತು, ನಡುವೆ ಮಡಕೆಯ ಚೂರುಗಳಿದ್ದವು. ಪಕ್ಕದ ಹೊಲದ ಅಜ್ಜ ಬಂದು ನೋಡಿ, "ಇದು ನಮ್ಮ ಕಾಲದ ಕಪಿಲೆ ಬಾವಿ ಸ್ವಾಮಿ, ನೀರು ಬತ್ತಿದ ಮೇಲೆ ಮುಚ್ಚಿಬಿಟ್ರು" ಎಂದರು. ಕಪಿಲೆ ಬಾವಿ ಎಂದರೆ ಎತ್ತು ಕಟ್ಟಿ ನೀರೆತ್ತುವ ಬಾವಿ. ಕಲ್ಲು ತುಂಬಿಸಿ ಮೇಲೆ ಕಾಂಕ್ರೀಟ್ ಹಾಕಿದರೆ ಸಾಕೆಂದು ಗುತ್ತಿಗೆದಾರರು ಹೇಳಿದರು. ನಾನು ಒಪ್ಪಲಿಲ್ಲ. ನೂರು ವರ್ಷ ನಿಲ್ಲಬೇಕಾದ ಗೋಡೆಯನ್ನು ತುಂಬಿದ ಬಾವಿಯ ಮೇಲೆ ನಿಲ್ಲಿಸುವುದು ತಪ್ಪೆಂದು ಎಂಜಿನಿಯರ್ ಸಹ ಹೇಳಿದಾಗ, ಇಡೀ ಕಟ್ಟಡವನ್ನು ರಸ್ತೆಯ ಕಡೆಗೆ 11 ಅಡಿ ಸರಿಸಿ ನಕ್ಷೆಗೆ ಮತ್ತೆ ಅನುಮತಿ ಪಡೆದೆವು. ಬಾವಿಯ ಹೂಳು ತೆಗೆಸಿ ಚಾವಣಿಯ ಮಳೆನೀರನ್ನು ಅದಕ್ಕೇ ಬಿಟ್ಟಿದ್ದೇವೆ.

ದೇವಾಲಯವನ್ನು ಒಮ್ಮೆ ಪ್ರತಿಷ್ಠೆ ಮಾಡಿದ ಮೇಲೆ ಅದರ ಹೆಸರು ಬದಲಾಗುವಂತಿಲ್ಲ. ಗಣಿಯಿಂದ ಬಂದವರಿಗೆ ವೇಲಾಂಕಣಿ ಮಾತೆಯ ಹೆಸರು ಬೇಕಿತ್ತು, ಬೇರೆಯವರಿಗೆ ಸಂತ ಜೋಸೆಫರದು. ದುಡಿದು ತಿನ್ನುವವರೇ ಹೆಚ್ಚಿರುವ ಊರಿಗೆ ಕಾರ್ಮಿಕ ಸಂತ ಜೋಸೆಫರು ಸಲ್ಲುತ್ತಾರೆಂದು ಕೊನೆಗೆ ಎಲ್ಲರೂ ಒಪ್ಪಿದರು. ಮಾತೆಗೆ ಅಂಗಳದಲ್ಲಿ ಗವಿ ಕಟ್ಟಿದೆವು. ಸೆಪ್ಟೆಂಬರ್ 8ರಂದು ತಮಿಳಿನವರ ವೇಲಾಂಕಣಿ ಹಬ್ಬವೂ ಕೊಂಕಣಿಯವರ ತೆನೆಹಬ್ಬವೂ ಅಲ್ಲಿಯೇ ನಡೆಯುತ್ತವೆ.

2011ರ ಮೇ ತಿಂಗಳಲ್ಲಿ ಮಹಾಧರ್ಮಾಧ್ಯಕ್ಷರು ಬಲಿಪೀಠಕ್ಕೂ ಗೋಡೆಗಳಿಗೂ ಪವಿತ್ರ ತೈಲ ಲೇಪಿಸಿದರು. ಬಲಿಪೀಠದ ಮೇಲೆ ಧೂಪ ಹಾಕಿ, ಅಲ್ಲಿಯವರೆಗೆ ಆರಿಸಿಟ್ಟಿದ್ದ ದೀಪಗಳನ್ನೆಲ್ಲ ಹಚ್ಚಿದಾಗ ಹಿರಿಯರು ಹಲವರು ಅತ್ತರು. ಧರ್ಮಕೇಂದ್ರದ ಸ್ಥಾಪನಾ ಪತ್ರವನ್ನು ಓದಿದ್ದೂ ಅಂದೇ.

ಮರುದಿನ ಜ್ಞಾನಸ್ನಾನ, ವಿವಾಹ, ಮರಣದ ಮೂರು ಹೊಸ ದಾಖಲೆ ಪುಸ್ತಕಗಳಿಗೆ ಬೈಂಡು ಹಾಕಿಸಿದೆ. ಹಳಬರ ಜ್ಞಾನಸ್ನಾನದ ದಾಖಲೆ ಆಯಾ ಹಳೆಯ ಧರ್ಮಕೇಂದ್ರದಲ್ಲಿಯೇ ಇರುತ್ತದೆ, ಅದು ನಮ್ಮ ಪುಸ್ತಕಕ್ಕೆ ಬರುವುದಿಲ್ಲ. ಮದುವೆಗೆ ಪ್ರಮಾಣಪತ್ರ ಬೇಕೆಂದು ಯಾರಾದರೂ ಬಂದರೆ ಇಂದಿಗೂ ನಾನು ಆ ನೋಟ್‌ಬುಕ್ ತೆರೆದು, ಅವರು ಯಾವ ಊರಿನ ದೇವಾಲಯಕ್ಕೆ ಹೋಗಿ ಕೇಳಬೇಕೆಂದು ನೋಡಿ ಹೇಳುತ್ತೇನೆ.